ಎಳೆಯ ನಾಯಕರ ಡಿಸ್ಟೋಪಿಯ ಥ್ರಿಲ್ಲರ್: ಒಳಸಂಚನ್ನು ಬುಡದಿಂದ ಕಟ್ಟುವ ಕ್ರಮ

ಹದಿಹರೆಯದ ಹುಡುಗನೋ ಹುಡುಗಿಯೋ ತನ್ನ ಊರನ್ನು ಆಳುವವರ ದೊಡ್ಡ ಸುಳ್ಳೊಂದನ್ನು ಪತ್ತೆಹಚ್ಚುವ ಡಿಸ್ಟೋಪಿಯ (ದಬ್ಬಾಳಿಕೆಯ ಕರಾಳ ಕಲ್ಪಿತ ಲೋಕದ) ಥ್ರಿಲ್ಲರ್ ಬರೆಯಲು ಹೊರಟವರಲ್ಲಿ ಅನೇಕರು ಒಂದೇ ಜಾಗದಲ್ಲಿ ಕೈಚೆಲ್ಲುತ್ತಾರೆ. ಮೊದಲ ಐವತ್ತು ಪುಟಗಳು ಚುರುಕಾಗಿ ಸಾಗುತ್ತವೆ. ಕಥೆ ಅರ್ಧಕ್ಕೆ ಬಂದು, ನಾಯಕಿಗೆ ಸತ್ಯ ತಿಳಿಯಲೇಬೇಕಾದ ಘಟ್ಟ ಎದುರಾದಾಗ, ಎಲ್ಲಿಂದಲೋ ಬಂದ ವೃದ್ಧ ವಿಜ್ಞಾನಿಯೊಬ್ಬ ಅವಳನ್ನು ಎದುರಿಗೆ ಕೂರಿಸಿಕೊಂಡು ಹತ್ತು ಪುಟಗಳಲ್ಲಿ ಎಲ್ಲವನ್ನೂ ಹೇಳಿ ಮುಗಿಸುತ್ತಾನೆ. ಅಲ್ಲಿಂದ ಮುಂದೆ ಓಟ, ಅಡಗುವಿಕೆ, ಸ್ಫೋಟಗಳಷ್ಟೇ ಉಳಿಯುತ್ತವೆ.

ಇದಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನನಗೆ ಅನ್ನಿಸಿಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ. ಲೇಖಕರು ನಾಯಕಿಯಿಂದ ಶುರುಮಾಡಿ ಒಳಸಂಚನ್ನು ದಾರಿಯಲ್ಲಿ ಕಂಡುಕೊಳ್ಳಲು ನೋಡುತ್ತಾರೆ. ಈ ಬಗೆಯ ಕಥೆಯಲ್ಲಿ ಒಳಸಂಚನ್ನು ಸಂಚುಗಾರರ ಕಡೆಯಿಂದ ಪೂರ್ತಿಯಾಗಿ ಕಟ್ಟಿ ಮುಗಿಸಿದ ಮೇಲಷ್ಟೇ ನಾಯಕಿಯನ್ನು ಅದರೊಳಗೆ ಬಿಡಬೇಕು. ಕೆಳಗಿನ ಹಂತಗಳ ಕ್ರಮವನ್ನು ಬದಲಿಸಬೇಡಿ.

ಬೇಕಾಗುವ ಸಾಮಗ್ರಿ

ಒಂದು ದಪ್ಪ ನೋಟ್‌ಬುಕ್, ಅಂಗೈಯಗಲದ ಐವತ್ತು ಕಾರ್ಡುಗಳು, ಎರಡು ಬಣ್ಣದ ಪೆನ್ನುಗಳು ಮತ್ತು ಕಥೆಯ ಅವಧಿಯನ್ನೆಲ್ಲ ಒಳಗೊಳ್ಳುವ ಒಂದು ಕ್ಯಾಲೆಂಡರ್ ಸಾಕು. ಒಂದು ಬಣ್ಣ ನಿಜವಾಗಿ ನಡೆದದ್ದಕ್ಕೆ, ಇನ್ನೊಂದು ಜನ ನಂಬಿರುವುದಕ್ಕೆ. ಕಂಪ್ಯೂಟರಿನಲ್ಲಿ ಮಾಡುವವರು ಸ್ಪ್ರೆಡ್‌ಶೀಟಿನಲ್ಲಿ ಎರಡು ಕಾಲಂ ಇಟ್ಟುಕೊಳ್ಳಬಹುದು. ಈ ಎರಡೂ ಎಂದಿಗೂ ಒಂದರೊಳಗೊಂದು ಬೆರೆಯಬಾರದು.

ಹಂತ 1: ಸುಳ್ಳಿಗಿಂತ ಮೊದಲು ಕೊರತೆಯನ್ನು ನಿರ್ಧರಿಸಿ

ಯಾವ ಆಡಳಿತವೂ ಸುಮ್ಮಸುಮ್ಮನೆ ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳುವುದಿಲ್ಲ. ನೀರೋ, ಧಾನ್ಯವೋ, ಔಷಧವೋ, ದುಡಿಯುವ ಕೈಗಳೋ ಸಾಲದೆ ಬಂದಿರಬೇಕು. ಆ ಕೊರತೆಯನ್ನು ಬಹಿರಂಗವಾಗಿ ಒಪ್ಪಿಕೊಂಡರೆ ಅಧಿಕಾರ ಕುಸಿಯುವಂತಿರಬೇಕು. ಹಾಗಾಗಿ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆಯಿರಿ: ಇಲ್ಲಿ ಏನು ಸಾಲದು, ಯಾವಾಗಿನಿಂದ ಸಾಲದು?

ಈ ಬರಹದುದ್ದಕ್ಕೂ ಬಳಸಲು ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಗೋಡೆಯಿಂದ ಸುತ್ತುವರಿದ ಒಂದು ನಗರವಿದೆ. ಅಲ್ಲಿ ಪ್ರತಿವರ್ಷ ಹದಿನಾರು ತುಂಬಿದ ನಲವತ್ತು ಮಂದಿಯನ್ನು ಚೀಟಿ ಎತ್ತಿ ಆರಿಸಿ, ದೂರದ ಉತ್ತರದ ಹೊಲಗಳಿಗೆ ದುಡಿಯಲು ಕಳಿಸಲಾಗುತ್ತದೆ. ಅವರಿಂದ ಮನೆಗಳಿಗೆ ತಿಂಗಳಿಗೊಮ್ಮೆ ಪತ್ರ ಬರುತ್ತದೆ. ನಿಜ ಬೇರೆಯೇ ಇದೆ. ಆ ಹೊಲಗಳು ಬಂಜರಾಗಿ ಹನ್ನೊಂದು ವರ್ಷಗಳಾಗಿವೆ. ನಗರ ಹಳೆಯ ಕಣಜಗಳನ್ನು ಕರಗಿಸಿಕೊಂಡು ಬದುಕುತ್ತಿದೆ. ಚೀಟಿಯಲ್ಲಿ ಹೆಸರು ಬಂದವರು ನಗರದ ಅಡಿಯಲ್ಲೇ, ಸುರಂಗಗಳಲ್ಲಿ, ನೀರೆತ್ತುವ ಹಳೆಯ ಯಂತ್ರಗಳನ್ನು ಕೈಯಾರೆ ನಡೆಸುತ್ತಿದ್ದಾರೆ. ಹೊಲಗಳಿಲ್ಲವೆಂದು ತಿಳಿದ ದಿನ ಕಣಜಗಳ ಮೇಲೆ ಜನ ಮುಗಿಬೀಳುತ್ತಾರೆ ಎಂಬುದು ಆಳುವವರ ಭಯ, ಮತ್ತು ಆ ಭಯ ಆಧಾರವಿಲ್ಲದ್ದಲ್ಲ.

ಎಚ್ಚರಿಕೆಯ ಗುರುತು: ಸಂಚಿನ ಉದ್ದೇಶವನ್ನು ಬರೆಯುವಾಗ ‘ಜಗತ್ತನ್ನು ವಶಪಡಿಸಿಕೊಳ್ಳುವುದು’ ಎಂಬಂಥ ಮಾತು ನಿಮ್ಮ ಪೆನ್ನಿನಿಂದ ಹೊರಟರೆ ನೀವಿನ್ನೂ ಕೊರತೆಯನ್ನು ಕಂಡುಕೊಂಡಿಲ್ಲ.

ಹಂತ 2: ಯಾರಿಗೆ ಎಷ್ಟು ಗೊತ್ತು ಎಂದು ಎಣಿಸಿ

ಗುಟ್ಟಿಗೆ ತಲೆಯೆಣಿಕೆ ಬೇಕು. ಭೌತವಿಜ್ಞಾನಿ ಡೇವಿಡ್ ರಾಬರ್ಟ್ ಗ್ರೈಮ್ಸ್ 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೊಂದು ಈ ಕೆಲಸಕ್ಕೆ ಒಳ್ಳೆಯ ಅಳತೆಗೋಲು. ಆ ಮಾದರಿಯ ಪ್ರಕಾರ ಒಂದು ಸಂಚು ಐದು ವರ್ಷ ಬಯಲಾಗದೆ ಉಳಿಯಬೇಕಾದರೆ ಅದರಲ್ಲಿ ಸುಮಾರು 2,500ಕ್ಕಿಂತ ಹೆಚ್ಚು ಮಂದಿ ಇರಬಾರದು; ಹತ್ತು ವರ್ಷ ದಾಟಬೇಕಾದರೆ 1,000ಕ್ಕಿಂತ ಕಡಿಮೆ, ಒಂದು ಶತಮಾನ ಉಳಿಯಬೇಕಾದರೆ 125ಕ್ಕಿಂತ ಕಡಿಮೆ. ಕಾದಂಬರಿಗೆ ಈ ಅಂಕಿಗಳೇ ಕಟ್ಟುಪಾಡಾಗಬೇಕಿಲ್ಲ. ಆದರೆ ನೂರಾರು ವರ್ಷ ಹಳೆಯ ಸುಳ್ಳನ್ನು ಸಾವಿರಾರು ಸೈನಿಕರು ಕಾಪಾಡಿಕೊಂಡು ಬಂದರೆಂದು ಬರೆಯುವ ಮುನ್ನ ಒಮ್ಮೆ ಇವನ್ನು ನೋಡಿದರೆ ಕಥೆ ತಾನಾಗಿ ಬಿಗಿಯಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಮೂರು ಸುತ್ತುಗಳನ್ನು ಒಂದರೊಳಗೊಂದು ಬರೆಯಿರಿ. ಒಳಸುತ್ತಿನಲ್ಲಿ ಎಲ್ಲವೂ ಗೊತ್ತಿರುವವರು ಇರಲಿ. ನಮ್ಮ ನಗರದಲ್ಲಿ ಒಂಬತ್ತು ಮಂದಿ ಎಂದಿಟ್ಟುಕೊಳ್ಳಿ. ನಡುಸುತ್ತಿನಲ್ಲಿರುವವರಿಗೆ ತಮ್ಮ ಪಾಲಿನ ತುಣುಕಷ್ಟೇ ಗೊತ್ತು: ಪತ್ರ ಬರೆಯುವ ಮೂವರು ಗುಮಾಸ್ತರು, ರಾತ್ರಿ ಗಾಡಿ ಹೊಡೆಯುವವರು, ಸುರಂಗದ ಬಾಗಿಲು ಕಾಯುವವರು. ಪ್ರತಿಯೊಬ್ಬರಿಗೂ ಆ ತುಣುಕನ್ನು ವಿವರಿಸುವ ಬೇರೆ ಬೇರೆ ನೆಪವನ್ನು ಕೊಡಲಾಗಿದೆ. ದೂರದಲ್ಲಿರುವ ಮಕ್ಕಳಿಗೆ ಬರೆಯಲು ಪುರುಸೊತ್ತಿಲ್ಲ, ಮನೆಯವರ ಸಮಾಧಾನಕ್ಕಾಗಿ ನೀವು ಬರೆಯುತ್ತಿದ್ದೀರಿ ಎಂದು ಗುಮಾಸ್ತರಿಗೆ ಹೇಳಿದ್ದಾರೆ. ಅವರು ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಎಂದೇ ನಂಬಿದ್ದಾರೆ. ಹೊರಸುತ್ತಿನಲ್ಲಿ ಉಳಿದ ಜನ, ಅವರಲ್ಲಿ ಏನನ್ನೋ ಅನುಮಾನಿಸಿ ಕೇಳದೆ ಸುಮ್ಮನಿರುವವರು.

ಈ ಕೊನೆಯ ಗುಂಪನ್ನು ಮರೆಯುವುದು ಬಹಳ ಸಾಮಾನ್ಯವಾದ ತಪ್ಪು. ಅಮೆರಿಕದ ಅಲಬಾಮ ರಾಜ್ಯದ ಟಸ್ಕೀಗಿಯಲ್ಲಿ ಸಿಫಿಲಿಸ್ ರೋಗವಿದ್ದ 399 ಕಪ್ಪುವರ್ಣದ ಪುರುಷರಿಗೆ ಸರಿಯಾದ ಚಿಕಿತ್ಸೆ ಕೊಡದೆ, ರೋಗ ಹೇಗೆ ಮುಂದುವರಿಯುತ್ತದೆಂದು ಸರ್ಕಾರದ ಆರೋಗ್ಯ ಸೇವೆಯೇ 1932ರಿಂದ 1972ರ ವರೆಗೆ ನೋಡುತ್ತ ಕುಳಿತಿತ್ತು. ಆ ಅಧ್ಯಯನದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಹಿರಂಗವಾಗಿಯೇ ಅಚ್ಚಾಗುತ್ತಿದ್ದವು. ಗುಟ್ಟು ಉಳಿಯಲು ಬೀಗಮುದ್ರೆಯೇ ಬೇಕೆಂದಿಲ್ಲ. ಓದಿದವರು ತಲೆಕೆಡಿಸಿಕೊಳ್ಳದಿದ್ದರೂ ಅದು ನಲವತ್ತು ವರ್ಷ ಉಳಿಯುತ್ತದೆ. ನಿಮ್ಮ ಕಥೆಯಲ್ಲಿ ಇಂಥ ಮೌನಕ್ಕೆ ಜಾಗವಿದ್ದರೆ ಅದು ಯಾವ ಕಾವಲುಗೋಪುರಕ್ಕಿಂತಲೂ ಹೆಚ್ಚು ನಡುಕ ಹುಟ್ಟಿಸುತ್ತದೆ.

ಹಂತ 3: ಸುಳ್ಳಿನ ಖರ್ಚುವೆಚ್ಚ ಬರೆಯಿರಿ

ಇದು ಹೆಚ್ಚಿನವರು ಹಾರಿಸಿಬಿಡುವ ಹಂತ, ಮತ್ತು ನನ್ನ ಪ್ರಕಾರ ಅತ್ಯಂತ ಮುಖ್ಯವಾದದ್ದು. ಸುಳ್ಳು ದಿನನಿತ್ಯ ಉಣ್ಣುತ್ತದೆ, ತೊಡುತ್ತದೆ, ಎಣ್ಣೆ ಸುಡುತ್ತದೆ. ಸುರಂಗದಲ್ಲಿರುವವರು ಹನ್ನೊಂದು ವರ್ಷಕ್ಕೆ 440 ಮಂದಿ. ಅವರಿಗೆ ಊಟ ಎಲ್ಲಿಂದ ಹೋಗುತ್ತದೆ? ಯಾರ ಲೆಕ್ಕದಲ್ಲಿ? ಅವರ ಕಾಲಿನ ಚಪ್ಪಲಿ ಸವೆದರೆ ಯಾರು ಹೊಲಿಯುತ್ತಾರೆ? ಸತ್ತವರನ್ನು ಎಲ್ಲಿ ಹೂಳುತ್ತಾರೆ? ತಿಂಗಳಿಗೆ 440 ಪತ್ರಗಳನ್ನು ಮೂವರೇ ಬರೆಯಬೇಕಾದರೆ ಒಬ್ಬೊಬ್ಬರ ಪಾಲಿಗೆ ಸುಮಾರು 147, ಅಂದರೆ ಬಿಡುವಿಲ್ಲದೆ ದಿನಕ್ಕೆ ಐದು. ಹಾಗೆ ಬರೆಯುವ ಕೈ ಒಂದಲ್ಲ ಒಂದು ದಿನ ಅದೇ ವಾಕ್ಯವನ್ನು ಎರಡು ಮನೆಗಳಿಗೆ ಕಳಿಸಿಯೇ ತೀರುತ್ತದೆ. ನೋಡಿ, ಲೆಕ್ಕ ಹಾಕುತ್ತಿದ್ದಂತೆ ಮೊದಲ ಸುಳಿವು ತಾನಾಗಿಯೇ ಹುಟ್ಟಿತು.

ನಿಜವಾದ ಗುಟ್ಟುಗಳೂ ಹೀಗೆಯೇ ಬಯಲಾಗಿವೆ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಎಂಕೆಅಲ್ಟ್ರಾ ಎಂಬ ಹೆಸರಿನಲ್ಲಿ ಮನಸ್ಸನ್ನು ನಿಯಂತ್ರಿಸುವ ಪ್ರಯೋಗಗಳನ್ನು ಶುರುಮಾಡಿತು. 1973ರಲ್ಲಿ ಅದರ ಕಡತಗಳನ್ನೆಲ್ಲ ನಾಶಮಾಡುವಂತೆ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಆದೇಶಿಸಿದರು. ಆದರೂ 1977ರಲ್ಲಿ ಸುಮಾರು 20,000 ದಾಖಲೆಗಳು ಸಿಕ್ಕವು. ಅವು ಹಣಕಾಸಿನ ದಾಖಲೆಗಳ ಜೊತೆ ಬೇರೆಡೆ ಇದ್ದುದರಿಂದ ನಾಶಮಾಡಿದವರ ಕಣ್ಣಿಗೆ ಬಿದ್ದಿರಲಿಲ್ಲ. ರಹಸ್ಯವನ್ನು ಸುಟ್ಟವರಿಗೆ ಅದರ ಖರ್ಚಿನ ಬಿಲ್‌ಗಳನ್ನು ಸುಡಬೇಕೆಂದು ಹೊಳೆಯಲಿಲ್ಲ.

ಆದ್ದರಿಂದ ಊಟ, ಬಟ್ಟೆ, ಸಾಗಣೆ, ಔಷಧ, ಸಾವು, ಕಸ ಎಂದು ಆರು ಸಾಲು ಹಾಕಿ, ಪ್ರತಿಯೊಂದರ ಮುಂದೆ ಅದು ಎಲ್ಲಿ ಗುರುತು ಬಿಡುತ್ತದೆ ಎಂದು ಬರೆಯಿರಿ. ಕನಿಷ್ಠ ಎಂಟು ಗುರುತುಗಳು ಸಿಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 4: ಗುರುತು ಬೀಳುವ ಜಾಗದಲ್ಲಿ ನಾಯಕಿಯನ್ನು ನಿಲ್ಲಿಸಿ

ಈಗ ನಾಯಕಿ ಬರಲಿ. ಅವಳಿಗೆ ವಿಶೇಷ ರಕ್ತವೋ, ಭವಿಷ್ಯವಾಣಿಯೋ, ಮರೆತುಹೋದ ರಾಜವಂಶವೋ ಬೇಡ. ‘ಇವಳೇ ಏಕೆ?’ ಎಂಬ ಪ್ರಶ್ನೆಗೆ ಅವಳ ದಿನನಿತ್ಯದ ಕೆಲಸವೇ ಉತ್ತರವಾಗಬೇಕು. ನಮ್ಮ ನಾಯಕಿಗೆ ಹದಿನೈದು ವರ್ಷ, ನಗರದ ಪಾದರಕ್ಷೆ ದುರಸ್ತಿಯ ಅಂಗಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ. ಅವಳ ಅಣ್ಣ ಎರಡು ವರ್ಷಗಳ ಹಿಂದೆ ಚೀಟಿಯಲ್ಲಿ ಆಯ್ಕೆಯಾಗಿ ಹೋದವನು. ಅವಳಿಗೆ ಹದಿನಾರು ತುಂಬಲು ಐದು ತಿಂಗಳಿದೆ. ಕಥೆಯ ಗಡಿಯಾರ ಇದೇ.

ಎಳೆಯ ವಯಸ್ಸು ಈ ಬಗೆಯ ಕಥೆಯಲ್ಲಿ ಅಲಂಕಾರವಲ್ಲ, ಅದಕ್ಕೆ ಕೆಲಸವಿದೆ. ದೊಡ್ಡವರು ನೋಡಿಯೂ ನೋಡದಂತಿರಲು ಕಲಿತಿರುತ್ತಾರೆ. ಎಳೆಯರಿಗೆ ಆ ಅಭ್ಯಾಸ ಇನ್ನೂ ಆಗಿರುವುದಿಲ್ಲ. ಅವರ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದ್ದರಿಂದ ಅವರೆದುರಿಗೇ ಎಷ್ಟೋ ಸಂಗತಿಗಳು ಚರ್ಚೆಯಾಗುತ್ತವೆ. ಅದೇ ಕಾರಣಕ್ಕೆ, ಅವರು ಸತ್ಯ ಹೇಳಿದಾಗಲೂ ಯಾರೂ ನಂಬುವುದಿಲ್ಲ. ಈ ಅನುಕೂಲ ಮತ್ತು ಅಡ್ಡಿ ಎರಡನ್ನೂ ಬಳಸಿ.

ಒಂದು ಎಚ್ಚರಿಕೆಯಿದೆ. ಮೊದಲ ಅಧ್ಯಾಯದಲ್ಲೇ ನಾಯಕಿ ಆಡಳಿತವನ್ನು ದ್ವೇಷಿಸುತ್ತಿದ್ದರೆ ಅವಳು ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಅವಳು ನಂಬಿರಲಿ. ಅಣ್ಣನ ಪತ್ರಗಳನ್ನು ದಿಂಬಿನಡಿಯಲ್ಲಿ ಇಟ್ಟುಕೊಂಡಿರಲಿ, ಉತ್ತರದ ಕಪ್ಪುಮಣ್ಣಿನ ಹೊಲಗಳನ್ನು ಕನಸಿನಲ್ಲಿ ಕಾಣುತ್ತಿರಲಿ, ತನ್ನ ಹೆಸರೂ ಚೀಟಿಯಲ್ಲಿ ಬರಲೆಂದು ಆಸೆಪಡುತ್ತಿರಲಿ.

ಹಂತ 5: ಸುಳಿವುಗಳನ್ನು ತುದಿಯಿಂದ ಮೊದಲಿಗೆ ಜೋಡಿಸಿ

ಕಾರ್ಡುಗಳನ್ನು ಈಗ ಹೊರತೆಗೆಯಿರಿ. ಕೊನೆಯ ಕಾರ್ಡಿನಲ್ಲಿ ನಾಯಕಿ ಅಂತಿಮವಾಗಿ ತಿಳಿಯುವ ಸತ್ಯವನ್ನು ಬರೆಯಿರಿ. ಅದನ್ನು ತಿಳಿಯಲು ಅವಳಿಗೆ ಅದಕ್ಕೂ ಮುಂಚೆ ಏನು ಗೊತ್ತಿರಬೇಕೆಂದು ಕೇಳಿಕೊಂಡು ಅದರ ಹಿಂದಿನ ಕಾರ್ಡನ್ನು ಬರೆಯಿರಿ. ಹೀಗೆ ಹಿಂದೆ ಹಿಂದೆ ಸಾಗಿ, ಒಂದು ಮಗುವೂ ಗಮನಿಸಬಹುದಾದ ಪುಟ್ಟ ಅಸಂಗತಿಗೆ ಬಂದು ನಿಲ್ಲಿ. ಹನ್ನೆರಡರಿಂದ ಹದಿನೈದು ಕಾರ್ಡುಗಳಾದರೆ ಒಂದು ಕಾದಂಬರಿಗೆ ಸಾಕು.

ನಮ್ಮ ಕಥೆಯ ಮೊದಲ ಕಾರ್ಡು ಇದು: ದುರಸ್ತಿಗೆ ಬಂದ ರಾಶಿಯಲ್ಲಿ ಹೆಸರಿಲ್ಲದ ಒಂದು ಜೊತೆ ಬೂಟು. ಅದರ ಹಿಮ್ಮಡಿಯಲ್ಲಿ ತಾನೇ ಹಾಕಿದ ಹೊಲಿಗೆ ಅವಳಿಗೆ ಕಾಣುತ್ತದೆ. ಕಲಿಯುವ ಕಾಲದಲ್ಲಿ ಹಾಕಿದ ಸೊಟ್ಟ ಹೊಲಿಗೆಯಾದ್ದರಿಂದ ಗುರುತು ತಪ್ಪುವಂತಿಲ್ಲ. ಅಣ್ಣ ಹೊರಟ ದಿನ ತೊಟ್ಟಿದ್ದ ಬೂಟದು. ಅಟ್ಟೆಗೆ ಮೆತ್ತಿರುವುದು ಬಿಳಿಯ ಸುಣ್ಣದ ಕೆಸರು. ಪತ್ರಗಳಲ್ಲಿ ಇರುವುದು ಕಪ್ಪು ಮಣ್ಣು.

ಇಲ್ಲಿ ಮೂರು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಮೊದಲನೆಯದು, ಪ್ರತಿ ಸುಳಿವಿಗೂ ಸಿಕ್ಕ ಕ್ಷಣದಲ್ಲಿ ನಂಬಬಹುದಾದ ಒಂದು ಸರಳ ವಿವರಣೆ ಇರಬೇಕು. ಅಣ್ಣ ಹೊಸ ಬೂಟು ಪಡೆದು ಹಳೆಯದನ್ನು ಹಿಂದಿರುಗಿಸಿರಬಹುದು, ದಾರಿಯಲ್ಲಿ ಸುಣ್ಣದ ಗೂಡು ಇದ್ದಿರಬಹುದು. ನಾಯಕಿ ಆ ವಿವರಣೆಯನ್ನು ಒಪ್ಪಿಕೊಳ್ಳಲಿ. ಮುಂದಿನ ಸುಳಿವು ಅದನ್ನು ಮುರಿಯಲಿ. ಎರಡನೆಯದು, ಒಂದು ಸುಳಿವಿನಿಂದ ಇನ್ನೊಂದಕ್ಕೆ ಹೋಗುವುದು ಅವಳ ನಿರ್ಧಾರದಿಂದ ಆಗಬೇಕು. ಕಿಟಕಿಯ ಹೊರಗೆ ನಿಂತು ಆಕಸ್ಮಿಕವಾಗಿ ಮಾತು ಕೇಳಿಸಿಕೊಳ್ಳುವುದು ಇಡೀ ಕಾದಂಬರಿಯಲ್ಲಿ ಒಮ್ಮೆ ನಡೆದರೆ ಓದುಗರು ಸಹಿಸುತ್ತಾರೆ, ಎರಡನೆಯ ಸಲ ಪುಸ್ತಕ ಕೆಳಗಿಡುತ್ತಾರೆ.

ಮೂರನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾಯಕಿ ಕನಿಷ್ಠ ಒಂದು ಸಲ ಗಂಭೀರವಾಗಿ ತಪ್ಪಬೇಕು, ಆ ತಪ್ಪಿಗೆ ಬೇರೆ ಯಾರೋ ಬೆಲೆ ತೆರಬೇಕು. ಗಾಡಿ ಹೊಡೆಯುವವನು ಹೊಲಗಳಿಗೆ ಹೋಗಬೇಕಾದ ಬೂಟುಗಳನ್ನು ಕದ್ದು ಮಾರುತ್ತಿದ್ದಾನೆಂದು ಅವಳು ತೀರ್ಮಾನಿಸಿ ದೂರು ಕೊಡುತ್ತಾಳೆ. ಆಡಳಿತಕ್ಕೆ ಅದಕ್ಕಿಂತ ಅನುಕೂಲಕರವಾದ ವಿವರಣೆ ಬೇರೆಯಿಲ್ಲ; ಅವನನ್ನು ಬಂಧಿಸಿ ವಿಷಯ ಮುಚ್ಚುತ್ತಾರೆ. ಅವನ ಮಗಳು ನಾಯಕಿಯ ಪಕ್ಕದಲ್ಲೇ ಕುಳಿತು ಹೊಲಿಗೆ ಹಾಕುವವಳು. ಈ ಪ್ರಸಂಗ ಕಥೆಗೆ ಎಷ್ಟು ಬಲ ಕೊಡುತ್ತದೋ ಓದುಗರಿಗೂ ಅಷ್ಟೇ ಉಪಕಾರ ಮಾಡುತ್ತದೆ. ತಾನು ಕಂಡದ್ದೆಲ್ಲ ತನ್ನ ಅನುಮಾನಕ್ಕೆ ಪುರಾವೆ ಎಂದು ತಿಳಿಯುವುದು ವದಂತಿಯ ದಾರಿ. ಅನುಮಾನವನ್ನು ಪರೀಕ್ಷೆಗೆ ಒಡ್ಡಿ, ಅದು ಸುಳ್ಳಾದರೆ ಬಿಟ್ಟುಕೊಡುವುದು ಶೋಧನೆಯ ದಾರಿ. ಹದಿಹರೆಯದವರು ಓದುವ ಪುಸ್ತಕದಲ್ಲಿ ಈ ವ್ಯತ್ಯಾಸ ಮಸುಕಾಗಬಾರದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಇದೇ ಕಾರಣಕ್ಕೆ, ನಿಜಜೀವನದಲ್ಲಿ ಯಾವುದಾದರೂ ಸಮುದಾಯದ ಮೇಲೆ ಹೊರಿಸಲಾದ ಹಳೆಯ ಸುಳ್ಳು ಆರೋಪವನ್ನು ವೇಷ ಬದಲಿಸಿ ನಿಮ್ಮ ಸಂಚಿಗೆ ತರಬೇಡಿ.

ಗಾಡಿಯವನು ಜೈಲಿನಲ್ಲಿದ್ದರೂ ಸುಣ್ಣ ಮೆತ್ತಿದ ಬೂಟುಗಳು ಬರುತ್ತಲೇ ಇರುತ್ತವೆ. ಈಗ ಅವಳು ದಾಸ್ತಾನಿನ ಪುಸ್ತಕವನ್ನು ತೆರೆದು ನೋಡುತ್ತಾಳೆ: ಉತ್ತರದ ಹೊಲಗಳಿಗೆ ಹನ್ನೊಂದು ವರ್ಷಗಳಿಂದ ಒಂದು ಜೊತೆಯೂ ಹೋಗಿಲ್ಲ, ‘ಕೆಳಗಿನ ಉಗ್ರಾಣ’ ಎಂಬ ಲೆಕ್ಕಕ್ಕೆ ಮಾತ್ರ ಪ್ರತಿವರ್ಷ ನಲವತ್ತು ಜೊತೆ ಹೆಚ್ಚುತ್ತ ಹೋಗಿದೆ. ವೃದ್ಧ ವಿಜ್ಞಾನಿಯ ಹತ್ತು ಪುಟಗಳ ಭಾಷಣವನ್ನು ಈ ಒಂದು ಪುಟದ ಅಂಕಿಗಳು ಅನಗತ್ಯವಾಗಿಸುತ್ತವೆ.

ಹಂತ 6: ದೊಡ್ಡವರನ್ನು ನಿಭಾಯಿಸಿ

ಬರೆಯುವವರು ಸಾಮಾನ್ಯವಾಗಿ ಅಪ್ಪ ಅಮ್ಮಂದಿರನ್ನು ಕಥೆ ಶುರುವಾಗುವ ಮೊದಲೇ ಸಾಯಿಸಿಬಿಡುತ್ತಾರೆ. ಅದು ಸುಲಭದ ದಾರಿ. ಅಮ್ಮ ಬದುಕಿರಲಿ, ಮಗನ ಪತ್ರಗಳನ್ನು ಓದುತ್ತಿರಲಿ, ಕೈಬರಹ ಬೇರೆಯಾಗಿರುವುದು ಮೊದಲ ತಿಂಗಳಲ್ಲೇ ಅವಳಿಗೆ ಗೊತ್ತಾಗಿರಲಿ. ಮಗಳು ಬೂಟನ್ನು ತಂದು ಮುಂದಿಟ್ಟಾಗ ಅಮ್ಮ ಅದನ್ನು ಒಲೆಗೆ ಹಾಕಿದರೆ ಅದಕ್ಕಿಂತ ದೊಡ್ಡ ಅಡ್ಡಿಯನ್ನು ಯಾವ ಕಾವಲುಗಾರನೂ ಒಡ್ಡಲಾರ.

ಹಂತ 7: ವ್ಯವಸ್ಥೆಯ ಪ್ರತಿಕ್ರಿಯೆಗೆ ಮೆಟ್ಟಿಲುಗಳನ್ನು ಕಟ್ಟಿ

ಮೊದಲ ಪ್ರಶ್ನೆಗೇ ಬಂದೂಕು ಹೊರಬಂದರೆ ಮುಂದಿನ ಇನ್ನೂರು ಪುಟಗಳಲ್ಲಿ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸಂಸ್ಥೆ ಸ್ಟಾಸಿ 1976ರಲ್ಲಿ ತನ್ನ ಲಿಖಿತ ನಿರ್ದೇಶನದಲ್ಲಿ ಸೇರಿಸಿದ ಒಂದು ವಿಧಾನವಿದೆ. ಬಂಧಿಸುವ ಬದಲು ಒಬ್ಬ ವ್ಯಕ್ತಿಯ ಹೆಸರು ಕೆಡಿಸುವುದು, ಗೆಳೆಯರ ನಡುವೆ ಅಪನಂಬಿಕೆ ಹುಟ್ಟಿಸುವುದು, ಕೆಲಸದಲ್ಲಿ ಸೋಲುವಂತೆ ಮಾಡುವುದು. ಮನೆಯಲ್ಲಿಲ್ಲದಾಗ ಒಳಹೊಕ್ಕು ವಸ್ತುಗಳ ಜಾಗ ಬದಲಿಸಿ ಅವರಿಗೆ ತಮ್ಮ ಬುದ್ಧಿಯ ಮೇಲೇ ಸಂಶಯ ಬರುವಂತೆ ಮಾಡಿದ್ದೂ ಉಂಟು. ಹದಿನೈದರ ಹುಡುಗಿಯೊಬ್ಬಳ ಮೇಲೆ ಈ ವಿಧಾನ ಹೇಗೆ ನಡೆಯುತ್ತದೆಂದು ಯೋಚಿಸಿ. ಮೊದಲು ಬಹುಮಾನ ಮತ್ತು ಬಡ್ತಿ, ಬಳಿಕ ಗೆಳತಿಯ ಬೇರೆ ಅಂಗಡಿಗೆ ವರ್ಗಾವಣೆ, ಆಮೇಲೆ ಕಳ್ಳತನದ ಆರೋಪ, ಮನೆಯ ಪಡಿತರ ಕಡಿತ, ಎಲ್ಲಕ್ಕೂ ಕೊನೆಗೆ ಬಲಪ್ರಯೋಗ. ಐದಾರು ಮೆಟ್ಟಿಲು ಬರೆದು, ಪ್ರತಿಯೊಂದನ್ನೂ ಕ್ಯಾಲೆಂಡರಿನಲ್ಲಿ ಅವಳ ಯಾವ ಹೆಜ್ಜೆಗೆ ಉತ್ತರವಾಗಿ ಬಂತೆಂದು ಗುರುತಿಸಿ.

ವ್ಯವಸ್ಥೆಗೆ ಎಲ್ಲವೂ ಗೊತ್ತಿರಬಾರದು ಎಂಬುದನ್ನೂ ಇಲ್ಲಿಯೇ ನೆನಪಿಡಬೇಕು. ನಾಜಿ ಆಡಳಿತದ ವಿರುದ್ಧ ಕರಪತ್ರ ಹಂಚುತ್ತಿದ್ದ ಶ್ವೇತ ಗುಲಾಬಿ ಗುಂಪಿನ ವಿದ್ಯಾರ್ಥಿಗಳು ಅನುಮಾನ ಬಾರದಂತೆ ಕಾಗದ ಮತ್ತು ಅಂಚೆಚೀಟಿಗಳನ್ನು ಬೇರೆ ಬೇರೆ ಕಡೆ ಸ್ವಲ್ಪಸ್ವಲ್ಪವಾಗಿ ಕೊಳ್ಳುತ್ತಿದ್ದರು, ಮತ್ತು ತಿಂಗಳುಗಟ್ಟಲೆ ಸಿಕ್ಕಿಬೀಳಲಿಲ್ಲ. ಕೊನೆಗೆ 1943ರ ಫೆಬ್ರುವರಿ 18ರಂದು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ 21 ವರ್ಷದ ಸೋಫಿ ಶೋಲ್ ಮತ್ತು ಅವಳ ಅಣ್ಣ ಹ್ಯಾನ್ಸ್‌ನನ್ನು ತಡೆದು ನಿಲ್ಲಿಸಿದವನು ಅಲ್ಲಿನ ಕಟ್ಟಡ ನೋಡಿಕೊಳ್ಳುವ ಒಬ್ಬ ನೌಕರ. ನಾಲ್ಕನೆಯ ದಿನಕ್ಕೆ ಇಬ್ಬರ ತಲೆಯನ್ನೂ ಕಡಿದರು. ನಿಮ್ಮ ನಾಯಕಿಯನ್ನು ಹಿಡಿಯುವವರು ಯಾರು? ಗೋಪುರದ ಮೇಲಿನ ಸರ್ವಾಧಿಕಾರಿಗಿಂತ, ಪ್ರತಿದಿನ ಬೀಗ ತೆಗೆದುಕೊಡುವ ಪರಿಚಿತ ಮುಖವನ್ನು ಓದುಗರು ಹೆಚ್ಚು ನಂಬುತ್ತಾರೆ.

ಹಂತ 8: ಸತ್ಯ ಹೊರಬಿದ್ದ ಮರುದಿನವನ್ನು ಬರೆಯಿರಿ

ನಾಯಕಿ ದೊಡ್ಡ ಪರದೆಯ ಮೇಲೆ ಸತ್ಯವನ್ನು ತೋರಿಸುತ್ತಾಳೆ, ಜನ ಒಂದೇ ಕ್ಷಣದಲ್ಲಿ ದಂಗೆಯೇಳುತ್ತಾರೆ, ಕಥೆ ಮುಗಿಯುತ್ತದೆ. ಈ ಅಂತ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ನಂಬಲು ಆಗಿಲ್ಲ. 1971ರ ಮಾರ್ಚ್ 8ರ ರಾತ್ರಿ, ದೇಶವೆಲ್ಲ ಒಂದು ಬಾಕ್ಸಿಂಗ್ ಪಂದ್ಯಕ್ಕೆ ಕಿವಿಗೊಟ್ಟಿದ್ದಾಗ, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಮೀಡಿಯ ಎಂಬ ಊರಿನಲ್ಲಿದ್ದ, ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಕಚೇರಿಗೆ ಎಂಟು ಮಂದಿ ನಾಗರಿಕರು ಕನ್ನ ಹಾಕಿದರು. ತನ್ನದೇ ಪ್ರಜೆಗಳ ಮೇಲೆ ಸರ್ಕಾರ ಗೂಢಚರ್ಯೆ ನಡೆಸುತ್ತಿದ್ದುದರ ದಾಖಲೆಗಳನ್ನು ತಂದು ಪತ್ರಿಕೆಗಳಿಗೂ ಜನಪ್ರತಿನಿಧಿಗಳಿಗೂ ಅಂಚೆಯಲ್ಲಿ ಕಳಿಸಿದರು. ಪಡೆದವರಲ್ಲಿ ಕೆಲವರು ಅವನ್ನು ಎಫ್‌ಬಿಐಗೇ ಹಿಂದಿರುಗಿಸಿದರು. ಒಂದು ಪತ್ರಿಕೆ ಪ್ರಕಟಿಸುವ ಧೈರ್ಯ ಮಾಡಿದ ಮೇಲೆ ವಿಷಯ ಹಬ್ಬಿತು.

ಆದ್ದರಿಂದ ಪುರಾವೆಯನ್ನು ಕೊಡುವುದು ಒಂದು ಅಧ್ಯಾಯವಾದರೆ, ಅದನ್ನು ಯಾರು ತೆಗೆದುಕೊಳ್ಳುತ್ತಾರೆ, ಯಾರು ಮುಖ ತಿರುಗಿಸುತ್ತಾರೆ ಎಂಬುದು ಇನ್ನೂ ಎರಡು ಅಧ್ಯಾಯಗಳಾಗಲಿ. ಹಂತ 1ರಲ್ಲಿ ಬರೆದ ಕೊರತೆಗೂ ಇಲ್ಲಿ ಮರಳಬೇಕು. ಸುಳ್ಳು ಬಯಲಾದ ಮಾತ್ರಕ್ಕೆ ಕಣಜ ತುಂಬುವುದಿಲ್ಲ. ನೀರೆತ್ತುವ ಯಂತ್ರಗಳನ್ನು ನಾಳೆಯೂ ಯಾರಾದರೂ ತಿರುಗಿಸಲೇಬೇಕು. ಹಾಗಾದರೆ ಯಾರು? ಈ ಪ್ರಶ್ನೆಯನ್ನು ತಪ್ಪಿಸಿಕೊಂಡರೆ ನಿಮ್ಮ ಖಳನಾಯಕರು ಹೇಳುತ್ತಿದ್ದುದೇ ಸರಿ ಎಂದಾಗಿಬಿಡುತ್ತದೆ.

ಹಂತ 9: ಮೊದಲ ಅಧ್ಯಾಯ ಬರೆಯಿರಿ, ಬಳಿಕ ಪರೀಕ್ಷಿಸಿ

ಬರವಣಿಗೆ ಶುರುವಾಗುವುದು ಈಗ. ನಗರದ ಚರಿತ್ರೆಯನ್ನು ವಿವರಿಸುವ ಮುನ್ನುಡಿ ಬೇಡ. ನಾಯಕಿ ಅಟ್ಟೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಿರುವಲ್ಲಿಂದ ತೊಡಗಿ. ಚೀಟಿ ಎತ್ತುವ ಪದ್ಧತಿ, ಹೊಲಗಳು, ಪಡಿತರ ಎಲ್ಲವೂ ಅವಳಿಗೆ ಬೇಕಾದಾಗ ಬೇಕಾದಷ್ಟೇ ಬರಲಿ. ಹೊಸದಾಗಿ ಟಂಕಿಸಿದ ಪದಗಳು ಇಡೀ ಪುಸ್ತಕಕ್ಕೆ ಐದಾರು ಸಾಕು, ಅವೂ ಜನ ಆಡುಮಾತಿನಲ್ಲಿ ಸವೆಸಿದಂತೆ ಚಿಕ್ಕದಾಗಿರಲಿ.

ಕರಡು ಮುಗಿದ ಮೇಲೆ ಪ್ರತಿ ಅಧ್ಯಾಯದ ಅಂಚಿನಲ್ಲಿ ಒಂದು ಬಣ್ಣದಿಂದ ನಾಯಕಿಗೆ ಹೊಸದಾಗಿ ತಿಳಿದದ್ದನ್ನೂ ಇನ್ನೊಂದರಿಂದ ಅದನ್ನು ತಿಳಿಯಲು ಅವಳು ಮಾಡಿದ್ದನ್ನೂ ಬರೆಯಿರಿ. ಎರಡನೆಯ ಬಣ್ಣವಿಲ್ಲದೆ ಮೊದಲನೆಯದು ಮಾತ್ರ ಇರುವ ಅಧ್ಯಾಯಗಳಲ್ಲಿ ಆ ವೃದ್ಧ ವಿಜ್ಞಾನಿ ಬೇರೆ ಯಾವುದೋ ವೇಷದಲ್ಲಿ ಮರಳಿ ಬಂದಿದ್ದಾನೆ. ಡೈರಿಯಾಗಿ, ಬಚ್ಚಿಟ್ಟ ವಿಡಿಯೊ ಆಗಿ, ಸಾಯುವಾಗ ಬಾಯಿಬಿಡುವ ಅಧಿಕಾರಿಯಾಗಿ ಅವನು ಬರುತ್ತಾನೆ. ಅಂಥ ಅಧ್ಯಾಯ ಸಿಕ್ಕರೆ ಹಂತ 3ರ ಪಟ್ಟಿಗೆ ಹಿಂದಿರುಗಿ, ಇನ್ನೂ ಬಳಸದ ಒಂದು ಗುರುತನ್ನು ಆರಿಸಿ, ಆ ಅಧ್ಯಾಯವನ್ನು ಅದರ ಮೇಲೆ ಮತ್ತೆ ಕಟ್ಟಿ.